ಮೊದಲು ಬಾಯಿಬಿಟ್ಟವರು

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಒಂದು ಸಲವೂ ಮೋಸಹೋದವರಲ್ಲ. ಇದನ್ನು ಅವರೇ ಹೇಳಿಕೊಂಡು ತಿರುಗುತ್ತಿದ್ದರು, ನಾವೂ ಒಪ್ಪುತ್ತಿದ್ದೆವು. ಮೋಸಹೋಗಬೇಕಾದರೆ ಅಂಗಡಿಯಲ್ಲಿ ಏನನ್ನಾದರೂ ಕೊಳ್ಳಬೇಕು ತಾನೇ? ಚಿಕ್ಕಪ್ಪ ಒಂದು ಸಾಮಾನು ಕೊಂಡದ್ದನ್ನು ಕಣ್ಣಾರೆ ಕಂಡವರು ನಮ್ಮೂರಲ್ಲಿ ಯಾರಿದ್ದಾರೆ!

ಹೊಸಕೋಟೆಗೆ ಹರಿದಾರಿ ದೂರದ ನಮ್ಮ ಹಳ್ಳಿಯಲ್ಲಿ ಬೆಂಗಳೂರಿಗೆ ಹೋಗಿ ಇಂಟರ್‌ಮೀಡಿಯೆಟ್ ಓದಿದವರು ಅವರೊಬ್ಬರೇ. ಓದಿದರು ಎಂದೆ, ಪಾಸಾದರು ಎನ್ನಲಿಲ್ಲ. ಎಕನಾಮಿಕ್ಸು ಎಂದರೆ ಅವರಿಗೆ ಪ್ರಾಣ. ಪಾಸಾಗುವುದಕ್ಕೆ ಎಷ್ಟು ನಂಬರು ಬೇಕೋ ಅಷ್ಟಕ್ಕೇ ಉತ್ತರ ಬರೆದು, ಅದಕ್ಕಿಂತ ಹೆಚ್ಚು ಬರೆದರೆ ಶಾಯಿ ದಂಡ ಎಂದು ಎದ್ದು ಬಂದರಂತೆ. ತಿದ್ದಿದ ಪುಣ್ಯಾತ್ಮ ಒಂದೇ ಒಂದು ನಂಬರು ಕಮ್ಮಿ ಕೊಟ್ಟ! ಇದರಲ್ಲಿ ತಮ್ಮ ತಪ್ಪೇನೂ ಇಲ್ಲ, ಆ ಮನುಷ್ಯನಿಗೆ ಎಕನಾಮಿಕ್ಸು ಬರುತ್ತಿರಲಿಲ್ಲ ಎಂದು ಚಿಕ್ಕಪ್ಪ ಊರಿಗೆ ಬಂದು ಸಾರಿದರು. ಅಲ್ಲಿಂದ ಆ ಶಾಸ್ತ್ರ ನಮ್ಮ ಮನೆಯಲ್ಲಿ ಠಿಕಾಣಿ ಹೂಡಿತು.

ಊಟಕ್ಕೆ ಕೂತರೂ ಬಿಡುವವರಲ್ಲ. "ಅತ್ತಿಗೆ, ಮೊದಲನೇ ಮುದ್ದೆ ಕೊಡೋ ತೃಪ್ತಿ ಎರಡನೇ ಮುದ್ದೆ ಕೊಡಲ್ಲ. ಮೂರನೇದಂತೂ ಶುದ್ಧ ನಷ್ಟ. ಇದು ಸಿದ್ಧಾಂತ," ಎನ್ನುವರು.

ಒಲೆಯ ಮುಂದೆ ಬೇಯುತ್ತಿದ್ದ ನಮ್ಮಮ್ಮನಿಗೆ ಮೈಯೆಲ್ಲ ಉರಿಯದೆ ಇರುತ್ತದೆಯೇ? "ಹಂಗಾದ್ರೆ ನಾಳೆಯಿಂದ ಎರಡ್ನೇ ಮುದ್ದೇನೇ ಮೊದ್ಲು ಇಕ್ತೀನಿ ಕಣಪ್ಪಾ, ಸುಮ್ನೆ ಉಣ್ಣು!"

ಅವರ ಶಾಸ್ತ್ರಕ್ಕೆಲ್ಲ ತಾಯಿಬೇರು ಒಂದೇ. ಯಾವ ವ್ಯವಹಾರದಲ್ಲಾದರೂ ಸರಿ, ತನಗೆ ಬೇಕು ಎಂದು ಮೊದಲು ಬಾಯಿಬಿಟ್ಟವನು ಸೋತ. ಎದುರಿನವನ ತಲೆಯೊಳಗೆ ಹೊಕ್ಕು ಕೂತು ಅವನೇನು ಯೋಚಿಸುತ್ತಾನೆ ಎಂದು ನೋಡಬೇಕು, ನಮ್ಮ ತಲೆಯ ಬಾಗಿಲನ್ನು ಮಾತ್ರ ಭದ್ರವಾಗಿ ಹಾಕಿಕೊಂಡಿರಬೇಕು. ಕೇಳುವುದಕ್ಕೆ ಚೆನ್ನಾಗಿದೆ, ಅಲ್ಲವೇ? ಅವರ ಜೊತೆ ಸಂತೆಗೆ ಹೋಗಿ ನೋಡಬೇಕಿತ್ತು ನೀವು!

ಒಮ್ಮೆ ಛತ್ರಿ ತರಲು ನನ್ನನ್ನೂ ಹೊಸಕೋಟೆ ಸಂತೆಗೆ ಕರೆದುಕೊಂಡು ಹೋದರು. ಛತ್ರಿ ಅಂಗಡಿಯ ಸಾಬರ ಮುಂದೆ ನಿಂತು, ಛತ್ರಿಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡಿದರು. ಲಾಟೀನು ನೋಡಿದರು, ಬೀಗ ನೋಡಿದರು, ಕೊನೆಗೆ ಆಕಳಿಸುತ್ತಾ, "ಆ ಛತ್ರಿ ಯಾಕೆ ಹಾಗೆ ಸೊಟ್ಟಗಿದೆ?" ಎಂದರು. ಸಾಬರು ಬೆಲೆ ಹೇಳಿದರು. ಚಿಕ್ಕಪ್ಪ ಅದರಲ್ಲಿ ಅರ್ಧ ಹೇಳಿ, ನನ್ನ ಕೈ ಹಿಡಿದು ಹೊರಟೇಬಿಟ್ಟರು.

"ಹಿಂದಕ್ಕೆ ತಿರುಗಬೇಡ ಮಗಾ. ಈಗ ಕರೀತಾನೆ ನೋಡು."

ಬೆಲ್ಲದ ಸಾಲು ದಾಟಿದೆವು, ಮಡಕೆಯ ಸಾಲು ದಾಟಿದೆವು. ಕರೆಯಲಿಲ್ಲ. ಸಂತೆಯೇ ಮುಗಿದು ಕೆರೆ ಏರಿ ಬಂತು. ಆಗ ಶುರುವಾಯಿತು ನೋಡಿ ಮಳೆ! "ಚಿಕ್ಕಪ್ಪಾ, ವಾಪಸ್ ಹೋಗಿ ತಗೊಂಡ್ಬಿಡೋಣ," ಎಂದು ನಾನು ಅಳತೊಡಗಿದೆ. "ಹುಚ್ಚೀ, ನೆನೆದುಕೊಂಡು ಹೋದ್ರೆ ನಮಗೆ ಛತ್ರಿ ಬೇಕು ಅಂತ ಅವನಿಗೆ ಗೊತ್ತಾಗ್ಬಿಡಲ್ವಾ?" ಎಂದರು. ಇಬ್ಬರೂ ತೊಪ್ಪೆಯಾಗಿ ಮನೆ ಸೇರಿದೆವು. ನನಗೆ ಜ್ವರ ಬಂತು. ಅಮ್ಮ ಮೈದುನನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ. ಚಿಕ್ಕಪ್ಪ ಮಾತ್ರ ಮೂಲೆಯಲ್ಲಿ ಕೂತು ಸೀನುತ್ತಾ, "ಆದ್ರೂ ಮೋಸಹೋಗಲಿಲ್ಲ," ಎಂದರು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ಹಿಂಬದಿಗೆ ಒಂದು ದೊಡ್ಡ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಬೇಕು. ಏರು ಬಂದರೆ ಸರಿ, ಜನರೆಲ್ಲ ಇಳಿದು ತಳ್ಳಬೇಕು. ನಾನೂ ಚಿಕ್ಕಪ್ಪನೂ ಬೆಂಗಳೂರಿಗೆ ಹೋಗುವಾಗ ಒಂದು ಸಲ ಹಾಗೇ ಆಯಿತು. ಎಲ್ಲರೂ ಇಳಿದರು. ಚಿಕ್ಕಪ್ಪನೂ ಇಳಿದರು, ಆದರೆ ಕೈಕಟ್ಟಿ ನಿಂತರು.

"ಇಷ್ಟೊಂದು ಜನ ತಳ್ತಿದ್ದಾರೆ. ನಾನೊಬ್ಬ ತಳ್ಳದಿದ್ರೆ ಬಸ್ಸಿಗೆ ಗೊತ್ತಾಗುತ್ತಾ? ಬೆವರು ನನಗೆ ಉಳೀತು, ಬಸ್ಸೂ ಹತ್ತುತ್ತೆ. ಇದೇ ಎಕನಾಮಿಕ್ಸು."

ಮನಸ್ಸಿನಲ್ಲಿ ಅಂದುಕೊಂಡು ಸುಮ್ಮನಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಪಾಠ ಮಾಡುವ ಚಟ! ಪಕ್ಕದಲ್ಲಿದ್ದ ರಾಗಿ ವ್ಯಾಪಾರಿ ಕೇಳಿಸಿಕೊಂಡ, ಹೌದಲ್ಲ ಎನಿಸಿ ಕೈ ಸಡಿಲಿಸಿದ. ಅವನನ್ನು ನೋಡಿ ಇನ್ನೊಬ್ಬ. ನೋಡನೋಡುತ್ತಿದ್ದಂತೆ ಎಲ್ಲರೂ ಬಸ್ಸಿನ ಮೇಲೆ ಸುಮ್ಮನೆ ಕೈಯಿಟ್ಟುಕೊಂಡು, "ಐಸಾ! ಐಸಾ!" ಎಂದು ಜೋರಾಗಿ ಕೂಗುತ್ತಿದ್ದಾರೆ, ಬಸ್ಸು ಮೆಲ್ಲಗೆ ಹಿಂದಕ್ಕೆ ಬರುತ್ತಿದೆ! ಕಂಡಕ್ಟರು ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಆಮೇಲೆ ಚಿಕ್ಕಪ್ಪನಿಗೆ ಕೈಮುಗಿದ.

"ಸ್ವಾಮೀ, ತಾವು ತಳ್ಳೋದು ಬ್ಯಾಡ. ಒಳಗೆ ಕುಂತ್ಕಳಿ. ಬಾಯೊಂದು ಮುಚ್ಕೊಂಡಿದ್ರೆ ಸಾಕು, ನಿಮ್ ದಮ್ಮಯ್ಯ!"

ಬಸ್ಸು ಏರು ಹತ್ತುವವರೆಗೂ ಚಿಕ್ಕಪ್ಪ ಒಬ್ಬರೇ ಒಳಗೆ ಜಮೀನ್ದಾರರ ಹಾಗೆ ಕೂತಿದ್ದರು. ನಾನು ಹೊರಗೆ ನಾಚಿಕೆಯಿಂದ ಇಬ್ಬರ ಪಾಲಿನದನ್ನೂ ತಳ್ಳಿದೆ.

ಇಂಥವರ ಕೈಗೆ ನಮ್ಮಪ್ಪ ಕೊಟ್ಟದ್ದೇನು ಗೊತ್ತೇ? ನನ್ನ ಮದುವೆಯ ಮಾತುಕತೆ! ಸ್ವತಃ ಮದುವೆಯಾಗದ ಮನುಷ್ಯ, ಆದರೇನು, ತಮ್ಮ ಓದಿದವನು ಎಂದು ಅಪ್ಪನಿಗೆ ಹೆಮ್ಮೆ.

ಸಂಬಂಧ ತಂದವರು ಊರೂರು ತಿರುಗುವ ಬಳೆ ಸಾಬರು. ಹುಡುಗ ನಂದಗುಡಿ ಕಡೆಯವನು. ತಂದೆಯಿಲ್ಲ, ತಾಯಿಯದೇ ಯಜಮಾನಿಕೆ. ಹೆಣ್ಣು ನೋಡಲು ತಾಯಿ ಮಗ ಬಂದರು. ಹಿರಿಯರು ಮಾತಾಡುತ್ತಿದ್ದಾಗ ನಮ್ಮ ಕರು ಹಗ್ಗ ಬಿಚ್ಚಿಕೊಂಡು ಓಡಿತು. ಹುಡುಗ ಯಾರನ್ನೂ ಕೇಳದೆ ಎದ್ದು, ಹೊಸ ಪಂಚೆ ಎತ್ತಿಕಟ್ಟಿ, ಕರು ಹಿಡಿದು ತಂದು ಕಟ್ಟಿ, ಅದರ ಕತ್ತಿನ ಕೆಳಗಿನ ಗಂಗೆದೊಗಲು ನೇವರಿಸಿ, ಏನೂ ಆಗದವನಂತೆ ಬಂದು ಕೂತ. ನನಗೆ ಅಲ್ಲೇ ಮನಸ್ಸಾಯಿತು. ಮುಚ್ಚುಮರೆಯೇಕೆ, ತುಂಬಾ ಮನಸ್ಸಾಯಿತು.

ಆದರೆ ಚಿಕ್ಕಪ್ಪನ ಅಪ್ಪಣೆಯಾಗಿತ್ತಲ್ಲ, ಇಷ್ಟ ಎನ್ನುವುದು ಮುಖದ ಮೇಲೆ ಕಾಣಕೂಡದು ಎಂದು! ಹಾಗಲಕಾಯಿ ಅಗಿದವಳ ಹಾಗೆ ಕೂತಿದ್ದೆ. ಆ ತಾಯಿ ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, "ಯೋಚನೆ ಮಾಡಿ ಹೇಳ್ತೀವಿ," ಎಂದುಬಿಟ್ಟರು. ಆಕೆಯ ಮುಖ ಬಿಗಿಯಿತು. "ಆಗ್ಲಿ, ನಾವೂ ಯೋಚ್ನೆ ಮಾಡ್ತೀವಿ," ಎಂದು ಎದ್ದರು.

ಯೋಚನೆ ಶುರುವಾಯಿತು. ರಾಗಿ ತೆನೆ ಕಟ್ಟಿತು, ಯೋಚನೆ ಮುಗಿಯಲಿಲ್ಲ. ಕುಯ್ಲಾಯಿತು, ಮುಗಿಯಲಿಲ್ಲ. "ಅವರು ಹೇಳಿ ಕಳಿಸಲಿ. ಮೊದಲು ನಾವು ಹೋದ್ರೆ, ಹೋದ ಮನೇಲಿ ನಮ್ಮ ಹುಡುಗಿ ಬೆಲೆ ಇಳಿದುಹೋಗುತ್ತೆ," ಎಂದು ಚಿಕ್ಕಪ್ಪ ಕದಲಲೊಲ್ಲರು. ಕೊನೆಗೊಂದು ದಿನ ಬಳೆ ಸಾಬರು ಬಂದರು.

"ಅಲ್ಲೂ ಆಯಮ್ಮ ನಿಮ್ಮಂಗೇ ಕುಂತವ್ರೆ ಸ್ವಾಮಿ. ಮಾಲೂರು ಕಡೆಯಿಂದ ಇನ್ನೊಂದು ಸಂಬಂಧ ಬಂದದೆ. ಮುಂದಿನ್ ವಾರ ಹೆಣ್ ನೋಡೋಕ್ ಹೋಗ್ತವ್ರಂತೆ."

ನನಗೆ ಎಲ್ಲಿತ್ತೋ ಧೈರ್ಯ! ಬಾಗಿಲ ಮರೆಯಿಂದ ಈಚೆ ಬಂದು ಕೂಗಿಬಿಟ್ಟೆ: "ಚಿಕ್ಕಪ್ಪಾ, ನೀವು ಗೆಲ್ಲೋ ಹೊತ್ತಿಗೆ ಆತನಿಗೆ ಎರಡು ಮಕ್ಕಳಾಗಿರ್ತವೆ! ನನಗೆ ಬೆಲೆ ಬೇಡ, ಆತ ಬೇಕು!"

ಅಪ್ಪ ತಲೆ ತಗ್ಗಿಸಿದರು. ಚಿಕ್ಕಪ್ಪ ನನ್ನನ್ನೇ ನೋಡಿದರು. ಮಾರನೆಯ ದಿನ ಏನೋ ಕೆಲಸವಿದೆ ಎಂದು ಬೆಳಗ್ಗೆಯೇ ಹೊರಟವರು ಸಂಜೆಗೆ ಮೊಣಕಾಲಿನವರೆಗೂ ಧೂಳಾಗಿ ಬಂದು, ಜಗಲಿಯ ಮೇಲೆ ಕೂತು ಮೀಸೆ ತಿರುವಿದರು.

"ಹುಡುಗನ ತಾಯಿ ಹೊಸಕೋಟೆಯಲ್ಲಿ ಸಿಕ್ಕಿದ್ರು. ಅವರಾಗೇ ಕೇಳಿದ್ರು ಕಣಮ್ಮ, ನಿಮ್ಮ ಹುಡುಗಿ ಬೇಕೇಬೇಕು ಅಂತ! ನೋಡಿದ್ಯಾ? ಕಾದ್ರೆ ಬರುತ್ತೆ."

ಮದುವೆಯಾಯಿತು. ಆದರೆ ಈ ಜಂಬ ಮುಗಿಯಬೇಕಲ್ಲ! ಹಬ್ಬಕ್ಕೆ ಬಂದರೆ ಅದೇ ಮಾತು, ಬಾಣಂತನಕ್ಕೆ ಹೋದರೆ ಅದೇ ಮಾತು. ಮಗನ ನಾಮಕರಣದ ದಿನ ನನ್ನ ಅತ್ತೆಯ ಎದುರಿಗೇ, "ನೀವೇ ಮೊದಲು ಕೇಳಿದ್ದಲ್ವಾ ತಾಯಿ?" ಎಂದರು. ಆಕೆ "ಹೂಂ ಕಣಪ್ಪಾ, ನಾವೇ," ಎಂದು ಎಲೆಗೆ ಇನ್ನೊಂದು ಒಬ್ಬಟ್ಟು ಬಡಿಸಿದರು. ಚಿಕ್ಕಪ್ಪ ಊಟ ಮುಗಿಸಿ ಆಚೆ ಹೋದದ್ದೇ ತಡ, ನಾನು ಸಿಡುಕಿದೆ: "ಆ ಜಂಬಕ್ಕೆ ನೀವೂ ತಾಳ ಹಾಕ್ತೀರಲ್ಲ ಅತ್ತೆ!"

ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು. "ನಾನೆಲ್ಲೇ ಕೇಳ್ದೆ? ಹಟ ಹಿಡ್ಕೊಂಡು ಕುಂತಿದ್ದೆ ನಾನು. ಅವ್ರೇ ನಮ್ಮನೇಗಂಟ ನಡ್ಕೊಂಡು ಬಂದಿದ್ರು. ಕೂತ್ಕಳಿ ಅಂದ್ರೂ ಕೂರ್ಲಿಲ್ಲ. 'ತಾಯೀ, ನಮ್ಮುಡ್ಗಿಗೆ ನಿಮ್ಮ ಮಗನ್ನ ಕಂಡ್ರೆ ತುಂಬಾ ಇಷ್ಟ. ಇನ್ನು ನೀವೇನ್ ಕೇಳಿದ್ರೂ ಇಲ್ಲ ಅನ್ನೋ ಶಕ್ತಿ ನಮಗಿಲ್ಲ. ಹಿಂದೆ ನಾನೂ ಒಂದು ಮನೆಯೋರು ಮೊದ್ಲು ಹೇಳಿ ಕಳಿಸ್ಲಿ ಅಂತ ಕಾದೆ. ಅವ್ರೂ ಕಾದ್ರು. ಆಮೇಲೆ ಹುಡ್ಗೀನ ಬೇರೆ ಕಡೆ ಕೊಟ್ಬಿಟ್ರು' ಅಂತ ಕಣ್ಣಲ್ಲಿ ನೀರು ತಗೊಂಡ್ರು."

ಅತ್ತೆ ಮಗುವನ್ನು ತಟ್ಟುತ್ತಾ ಮುಂದುವರಿಸಿದರು.

"ಹೊರಡೋವಾಗ ಒಂದೇ ಮಾತು ಕೇಳ್ಕೊಂಡ್ರು. 'ನೀವೇ ಕೇಳಿದ್ರಿ ಅಂತ ಇರ್ಲಿ ತಾಯೀ. ಮಗು ನಿಮ್ಮನೇಗೆ ತಲೆ ಎತ್ಕೊಂಡು ಬರ್ಲಿ' ಅಂತ."

ಹೊರಗಿನ ಜಗಲಿಯಲ್ಲಿ ಚಿಕ್ಕಪ್ಪ ಬೀಗರ ಕಡೆಯವರನ್ನೆಲ್ಲ ಸುತ್ತ ಕೂರಿಸಿಕೊಂಡು, ಹುಡುಗನ ಮನೆಯವರೇ ಹೇಗೆ ಹುಡುಕಿಕೊಂಡು ಬಂದರು ಎಂದು ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಎಷ್ಟು ವರ್ಷ ಆ ಮನುಷ್ಯನ ಮೇಲೆ ಸಿಡಿದಿದ್ದೆ ನಾನು! ಕಣ್ಣೊರೆಸಿಕೊಂಡು ಹೋಗಿ ಪಕ್ಕದಲ್ಲಿ ನಿಂತೆ. ಚಿಕ್ಕಪ್ಪ ನನ್ನ ಕಡೆ ತಿರುಗಿ, "ಹೌದೋ ಇಲ್ಲವೋ, ನೀನೇ ಹೇಳಮ್ಮ," ಎಂದರು.

"ಹೌದು ಚಿಕ್ಕಪ್ಪಾ," ಎಂದೆ.