ಗೈಡ್ ನೋಡಲು ಕಾಕಾನ ಜೊತೆ ಹೋದದ್ದು

ಪರೀಕ್ಷೆ ಬರೆಯುವುದು, ಬರೆಸುವುದು, ಇವೆರಡರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಆದರೂ ಯಾವುದು ಛಲೋ, ಯಾವುದು ಅಲ್ಲ ಎಂದು ಆರಿಸುವ ಕಣ್ಣು ಮಾತ್ರ ನನಗೆ ಬರಲಿಲ್ಲ. ಮಿಕ್ಸರ್ ಕೊಳ್ಳಲು ಹೋದರೆ ಅಂಗಡಿಯವನನ್ನೇ "ನಿಮ್ಮ ಮನ್ಯಾಗ ಯಾವುದದ ರೀ?" ಎಂದು ಕೇಳಿ ಅದನ್ನೇ ಕಟ್ಟಿಸಿಕೊಂಡು ಬರುವವಳು ನಾನು. ಇಂಥವಳು ನಲವತ್ತರ ಹತ್ತಿರ ಬಂದಾಗ, ಹುಬ್ಬಳ್ಳಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನೌಕರಿಗೆ ರಜೆ ಹಾಕಿ ಪಿಎಚ್‌ಡಿ ಮಾಡುತ್ತೇನೆಂದು ಹೊರಟೆ. ಧಾರವಾಡದ ವಿಶ್ವವಿದ್ಯಾಲಯವೊಂದರಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧನಾ ಗುಂಪು ಇತ್ತು. ಅದನ್ನು ಸೇರಬೇಕೋ ಬೇಡವೋ ಎನ್ನುವುದೇ ಪ್ರಶ್ನೆ. ನಮ್ಮ ಪ್ರಿನ್ಸಿಪಾಲರು ಬೇರೆ, "ಮಂಗಳವಾರದೊಳಗ ಹೇಳ್ರಿ ಮೇಡಂ. ಈ ಸಲ ತಪ್ಪಿದ್ರ ಮತ್ತ ರಜಾ ಕೇಳಾಕ ಬರಬ್ಯಾಡ್ರಿ" ಎಂದುಬಿಟ್ಟಿದ್ದರು.

ಇಂಥ ಗುಂಪು ಸೇರುವ ಮುಂಚೆ ಏನೇನು ವಿಚಾರಿಸಬೇಕೆಂದು ಅಂತರ್ಜಾಲದಲ್ಲಿ ಬೇಕಾದಷ್ಟು ಉಪದೇಶವಿದೆ. ಗೈಡ್ ಸಮಯ ಕೊಡುತ್ತಾರೆಯೇ, ಪ್ರಬಂಧದಲ್ಲಿ ಯಾರ ಹೆಸರು ಮೊದಲು, ಅರ್ಧಕ್ಕೇ ಬಿಟ್ಟು ಓಡಿದವರು ಎಷ್ಟು ಮಂದಿ. ಒಬ್ಬರು ದೊಡ್ಡ ಗುಂಪು ಒಳ್ಳೆಯದೆಂದರೆ ಇನ್ನೊಬ್ಬರು ಸಣ್ಣದೇ ಒಳ್ಳೆಯದು ಎನ್ನುತ್ತಾರೆ. ಓದಿ ಓದಿ ತಲೆ ಗೊಜ್ಜಾಗಿ, ಬೈರಿದೇವರಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇರುವ ಕಾಕಾನ ಹತ್ತಿರ ಹೋದೆ. ಕಾಕಾ ಜೀವಮಾನವೆಲ್ಲ ಅರಳೆ ವ್ಯಾಪಾರ ಮಾಡಿದವನು. ನನಗೆ ಮಾತು ಕಲಿಸಿದವನೂ ಅವನೇ.

"ಏನ ಮಾಡ್ತಾರ ಅವರು?" ಅಂದ ಕಾಕಾ.

"ಯಂತ್ರಕ್ಕ ಬುದ್ಧಿ ಕಲಿಸ್ತಾರ."

"ಎಂಥಾ ಬುದ್ಧಿ?"

"ಅಂದ್ರ… ಬುದ್ಧಿ ಕಾಕಾ."

"ಹಂಗಾರ ಯಂತ್ರ ಕಲೀತದ. ನೀ ಹೋಗಿ ಏನ ಮಾಡ್ತಿ?" ಎಂದು ನಕ್ಕು, ತನ್ನ ಉಪಾಯ ಹೇಳಿದ. "ನೋಡವ್ವಾ, ಅರಳಿ ತುಂಬಿದ ಅಂಡಗ್ಯಾಗ ಮ್ಯಾಲಿಂದು ಎಲ್ಲಾರೂ ಛಲೋನ ಇಟ್ಟಿರ್ತಾರ. ನಡುವ ಕೈ ಹಾಕಿ ಒಂದ ಹಿಡಿ ಎಳದು ನೋಡಬೇಕು."

ಮಾತು ನನಗೆ ಹಿಡಿಸಿತು. ಈಗಷ್ಟೇ ಸೇರಿದವರು ಹುರುಪಿನಲ್ಲಿರುತ್ತಾರೆ, ಮುಗಿಸಿ ಹೊರಟವರು ಸಮಾಧಾನದಲ್ಲಿರುತ್ತಾರೆ. ಖರೇ ಸುದ್ದಿ ಬೇಕೆಂದರೆ ನಡುವೆ ಸಿಕ್ಕಿಕೊಂಡವರನ್ನೇ ಕೇಳಬೇಕು. ಮರುದಿನ ಧಾರವಾಡದ ಬಸ್ಸು ಹತ್ತಿದರೆ ಕಾಕಾನೂ ಹತ್ತಿದ. ಧಾರವಾಡದಲ್ಲಿ ಏನೋ ಕೆಲಸವಿದೆಯಂತೆ. ಇರಲಿಲ್ಲ.

ಚಪ್ಪಲಿ ಹೊರಗೆ ಬಿಟ್ಟು ಪ್ರಯೋಗಾಲಯದ ಒಳಗೆ ಹೋದೆವು. ಗೈಡ್ ಮೇಡಂ ಕ್ಲಾಸಿನಲ್ಲಿದ್ದರು. ಕಾಕಾನನ್ನು ಒಂದು ಖುರ್ಚಿಯಲ್ಲಿ ಕೂರಿಸಿ ನಾನು ನಡುವೆ ಕೈ ಹಾಕಿದೆ. ಸಿಕ್ಕವಳು ಶಬಾನಾ, ಮೂರನೆಯ ವರ್ಷದ ಹುಡುಗಿ.

"ಮೇಡಂ ಬೈತಾರೇನು?"

"ಬೈತಾರ್ರಿ. ಬೈಲಿಲ್ಲಂದ್ರ ಚಿಂತಿ ಆಗ್ತದ್ರಿ."

ಇದು ಒಳ್ಳೆಯದೋ ಕೆಟ್ಟದ್ದೋ? ಮುಂದಿನ ಪ್ರಶ್ನೆಗೆ ಹೋದೆ. "ನಡುವ ಬಿಟ್ಟು ಹೋದವರು ಯಾರರ ಅದಾರೇನು?"

"ಒಬ್ಬರು ಅದಾರ್ರಿ. ಅಲ್ಲೆ ಕುಂತಾರಲ್ಲ, ನೀಲಿ ಅಂಗಿ."

"ಬಿಟ್ಟವರು ಇಲ್ಲೆ ಯಾಕ ಕುಂತಾರ?"

"ನೌಕರಿ ಹತ್ತಿತು, ಬಿಟ್ರು. ಈಗ ನೌಕರಿಗೆ ಸೂಟಿ ಇದ್ದಾಗೊಮ್ಮೆ ಬರ್ತಾರ್ರಿ. ಮನ್ಯಾಗ ಬ್ಯಾಸರಾ ಅಂತ."

ಬಿಟ್ಟು ಓಡಿದವನನ್ನು ದೋಷದ ಲೆಕ್ಕಕ್ಕೆ ಹಾಕುವುದೋ, ತಿರುಗಿ ಬಂದವನನ್ನು ಗುಣದ ಲೆಕ್ಕಕ್ಕೆ ಹಾಕುವುದೋ? ಆ ಇಬ್ಬರೂ ಒಬ್ಬನೇ ಆಗಬಹುದೆಂದು ಅಂತರ್ಜಾಲದ ಉಪದೇಶಕರು ಎಲ್ಲಿಯೂ ಹೇಳಿರಲಿಲ್ಲ.

ಅಷ್ಟರಲ್ಲಿ ಆ ಕಡೆ ಗದ್ದಲ. ಹುಡುಗರೆಲ್ಲ ಕಾಕಾನ ಸುತ್ತ ನೆರೆದಿದ್ದರು, ನೀಲಿ ಅಂಗಿಯವನೂ ಎದ್ದು ಹೋಗಿದ್ದ. ಕಾಕಾ ಸುಮ್ಮನೆ ಕೂರಲಾಗದೆ, "ತಮ್ಮಾ, ಏನ ಮಾಡಾಕತ್ತೀರಿ?" ಎಂದು ಕೇಳಿದ್ದನಂತೆ. ನಮ್ಮ ಕಡೆಯ ಹಿರಿಯರ ಮಾತು ಯಂತ್ರಕ್ಕೆ ತಿಳಿಯುವುದಿಲ್ಲ, ಅದನ್ನೇ ಕಲಿಸುತ್ತಿದ್ದೇವೆ ಎಂದರಂತೆ ಅವರು. "ಪಾಪ, ತಿಳೀದಿದ್ರ ಕೇಳಬೇಕಪಾ ಅದು" ಎಂದು ಕಾಕಾ ಶುರು ಮಾಡಿಬಿಟ್ಟಿದ್ದ. ಬಾಯಿಯ ಮುಂದೆ ಮೈಕು. ಅಮ್ಮಿನಬಾವಿಯ ತನ್ನ ಬೀಗರ ಮನೆಯ ಮದುವೆಯಲ್ಲಿ ಸಾರು ಸಾಲದೆ ಹೋದ ಕಥೆ. ಯಂತ್ರಕ್ಕೆ ಎಷ್ಟು ತಿಳಿಯಿತೋ ಕಾಣೆ, ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗೈಡ್ ಮೇಡಂ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಆಮೇಲೆ ಮೇಡಂ ನನ್ನನ್ನು ಒಳಗೆ ಕರೆದು ಚಹಾ ಕೊಟ್ಟರು. ನನಗಿಂತ ಸಣ್ಣವರು. ನನ್ನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಹೇಳಿ, ಕೊನೆಗೆ ಮೆಲ್ಲಗೆ, "ಎಲ್ಲಾ ಕೇಳಿದ್ರಿ. ನಾವು ಏನ ಕೆಲಸ ಮಾಡ್ತೀವಿ ಅನ್ನೂದೊಂದು ಉಳೀತಲ್ರಿ" ಅಂದರು. ಅವರ ಪ್ರಬಂಧಗಳನ್ನು ನಾನು ಎಣಿಸಿದ್ದೆ, ಒಂದನ್ನೂ ಓದಿರಲಿಲ್ಲ. "ನೀವೂ ವಿಚಾರ ಮಾಡ್ರಿ, ನಾವೂ ಮಾಡ್ತೀವಿ" ಎಂದು ಮೇಡಂ ಎದ್ದರು. ಧಾರವಾಡದವರು ಇಲ್ಲ ಎನ್ನುವುದು ಹೀಗೆಯೇ. ಹೌದು ಎನ್ನುವುದೂ ಹೀಗೆಯೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯ ಪಕ್ಕ ಕೂತು ಮೀಸೆ ತೀಡುತ್ತಿದ್ದ. "ನನಗ ಬುಧವಾರಕ್ಕೊಮ್ಮೆ ಮಾತಾಡಾಕ ಬರ್ರಿ ಅಂದಾರವ್ವಾ. ನಿಂದೇನಾತು?"

"ವಿಚಾರ ಮಾಡಿ ಹೇಳ್ತಾರಂತ."

ಕಾಕಾ ಮೀಸೆ ಬಿಟ್ಟು ನನ್ನ ಕಡೆ ತಿರುಗಿದ. "ಸಣ್ಣ ಮುಖಾ ಮಾಡಬ್ಯಾಡ. ಹೆಂಗೂ ಹೋಗಾಂವ ಅದೇನಿ, ನಿನ್ನ ಸಲುವಾಗಿ ಒಂದ ಮಾತ ಹಾಕ್ಲೇನು?"

ಇಷ್ಟು ವರ್ಷ ಕಂಪ್ಯೂಟರ್ ಪಾಠ ಹೇಳಿದವಳು ನಾನು. ಅರಳೆ ವ್ಯಾಪಾರಿಯ ಶಿಫಾರಸಿನ ಮೇಲೆ ಕೃತಕ ಬುದ್ಧಿಮತ್ತೆ ಕಲಿಯುವುದೆಂದರೆ ಮಾನದ ಪ್ರಶ್ನೆ. ನಾವು ಇಳಿಯುವ ಸ್ಟಾಪಿಗೆ ಮುಂಚಿನ ನವನಗರ ದಾಟುವವರೆಗೂ ಆ ಬಿಗುಮಾನ ಹಿಡಿದೇ ಕೂತಿದ್ದೆ.

"ಹಾಕು ಕಾಕಾ," ಅಂದೆ ಆಮೇಲೆ. "ಆದ್ರ ನಮ್ಮ ಪ್ರಿನ್ಸಿಪಾಲರಿಗೆ ಮಂಗಳವಾರದೊಳಗ ಹೇಳಬೇಕು. ಬುಧವಾರದ ತನಕ ಯಾಕ, ಸೋಮವಾರ ಹೋಗಾಕ ಬರ್ತದೇನು?"