ತಪ್ಪಲೆಯಲ್ಲಿ ಸಿಕ್ಕ ಬಂಗಾರ

ಪಾಠ ಹೇಳುವವನು ಪಾಠ ಹೇಳಿ ಸುಮ್ಮನಿರಬೇಕು. ಹೇಳಿದ್ದನ್ನು ಮಾಡಿ ತೋರಿಸುವ ಉಮೇದು ಬಂತೆಂದರೆ ಕೆಟ್ಟ. ಹೊನ್ನಾಳಿಯ ಶಾಲೆಯಲ್ಲಿ ವಿಜ್ಞಾನ ಹೇಳುವ ನನಗೆ ಆ ಉಮೇದು ಬಂದದ್ದು, ಯುದ್ಧ ಶುರುವಾಗಿ ಬಂಗಾರದ ಬೆಲೆ ಏರತೊಡಗಿದಾಗ. ನನ್ನ ಹೆಂಡತಿಯ ಅಣ್ಣ ಚನ್ನಬಸಪ್ಪನವರು ನ್ಯಾಮತಿಯಿಂದ ತೆಂಗಿನಕಾಯಿ ಗಾತ್ರದ ಬಿಳಿಕಲ್ಲೊಂದನ್ನು ಟವೆಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಅವರ ಹೊಲದ ಪಕ್ಕದಲ್ಲಿ ಹಿಂದೆ ದೊರೆಗಳು ಚಿನ್ನಕ್ಕಾಗಿ ತೋಡಿ ಬಿಟ್ಟುಹೋದ ಗುಂಡಿಗಳಿದ್ದವು. ಕಲ್ಲಿನಲ್ಲಿ ಏನೋ ಮಿನುಗುತ್ತಿತ್ತು.

"ಒಡೀದೆ ನೋಡಾಕೆ ಆಗ್ತೈತಾ ಮೇಷ್ಟ್ರೆ?" ಎಂದರು.

ಆಗುತ್ತದೆ ಎಂದೆ. ಕಲ್ಲನ್ನು ಒಮ್ಮೆ ಹಾಗೆಯೇ ತೂಗಬೇಕು, ಇನ್ನೊಮ್ಮೆ ನೀರಿನಲ್ಲಿ ಮುಳುಗಿಸಿ ತೂಗಬೇಕು. ಬರೀ ಕಲ್ಲಾದರೆ ನೀರಿನಲ್ಲಿ ತೂಕ ಬಹಳ ಇಳಿಯುತ್ತದೆ. ಒಳಗೆ ಬಂಗಾರವಿದ್ದರೆ ಅಷ್ಟು ಇಳಿಯುವುದಿಲ್ಲ. ಕಿರಾಣಿ ಅಂಗಡಿಯ ರಹೀಮ್ ಸಾಬರ ತಕ್ಕಡಿ ತಂದು, ಕಲ್ಲಿಗೆ ದಾರ ಕಟ್ಟಿ, ಅಡುಗೆಮನೆಯ ತಪ್ಪಲೆಯ ನೀರಿಗೆ ಇಳಿಬಿಟ್ಟೆ. ಲೆಕ್ಕ ಹಾಕಿದರೆ ಕಲ್ಲಿನ ಅರ್ಧಕ್ಕಿಂತ ಹೆಚ್ಚು ಬಂಗಾರ. ಮತ್ತೆ ಕೂಡಿ ಕಳೆದು ನೋಡಿದೆ, ಬಂಗಾರ ಕದಲಲಿಲ್ಲ. ಭಾವ ಕಲ್ಲಿಗೆ ಕೈಮುಗಿದು, ಆಮೇಲೆ ನನಗೂ ಮುಗಿದು ಹೊರಟೇಹೋದರು.

ತಪ್ಪಲೆಯ ನೀರು ಚೆಲ್ಲುವಾಗ ನನಗೆ ಹೊಳೆಯಿತು: ಭಾವ ಕೈಮುಗಿದಾಗ ಕಲ್ಲಿನ ಮೇಲರ್ಧ ಒಣಗಿಯೇ ಇತ್ತು. ತಪ್ಪಲೆ ಸಣ್ಣದು. ನೀರಿಗಿಳಿಯದ ಅರ್ಧ, ತೂಕ ಕಳೆದುಕೊಳ್ಳುವುದಾದರೂ ಹೇಗೆ?

ನಾನು ನ್ಯಾಮತಿ ಮುಟ್ಟುವಷ್ಟರಲ್ಲಿ ಭಾವ, ಮಗಳು ಶಾಂತೆಗೆ ಗೊತ್ತಾಗಿದ್ದ ಜಗಳೂರಿನ ಸಂಬಂಧ ಬೇಡವೆಂದು ಹೇಳಿಕಳಿಸಿಬಿಟ್ಟಿದ್ದರು. ಬಂಗಾರದ ಹೊಲದವರು ಜೋಳದ ಹೊಲದವರಿಗೆ ಹೆಣ್ಣು ಕೊಡುವುದು ಹೇಗೆ ಎಂಬುದು ಅವರ ವಾದ. ನಾನು ಕಲ್ಲನ್ನು ದೊಡ್ಡ ಹಂಡೆಯಲ್ಲಿ ಪೂರ್ತಿ ಮುಳುಗಿಸಿ ತೂಗಿ, ಬರೀ ಕಲ್ಲೆಂದು ತೋರಿಸಿದೆ. ಭಾವ ಹಂಡೆಯೊಳಗೆ ಕೈಹಾಕಿ ತಳ ತಡವಿದರು.

"ತಪ್ಪಲೆಯಾಗೆ ಇದ್ದ ಬಂಗಾರ ಹಂಡೆಯಾಗೆ ಎಲ್ಲಿ ಹೋತು?" ಎಂದು ಕೇಳಿ, ಆ ನೀರನ್ನು ಯಾರೂ ಚೆಲ್ಲಕೂಡದೆಂದು ಅಪ್ಪಣೆ ಮಾಡಿದರು.

ಅಷ್ಟು ಹೊತ್ತಿಗೆ ಅತ್ತು ಮುಗಿಸಿ ಯೋಚನೆಗೆ ಕೂತಿದ್ದ ಶಾಂತೆ, ನನ್ನನ್ನು ಹಿತ್ತಲಿಗೆ ಕರೆದಳು. "ಮಾವ, ಅವರ ಹೊಲದಾಗೂ ಕಲ್ಲು ಇರ್ತಾವಲ್ರೀ. ತಪ್ಪಲೆ ನಾ ಕೊಡ್ತೀನಿ."

ನಾನೇ ಗುಟ್ಟಾಗಿ ಹೇಳಿಕಳಿಸಿದ್ದರಿಂದ ಜಗಳೂರಿನ ಬೀಗರು ಗಾಡಿಯಲ್ಲಿ ಕಲ್ಲು ಹೇರಿಕೊಂಡು ಬಂದರು. ಶಾಂತೆ ಆರಿಸಿಕೊಟ್ಟ ತಪ್ಪಲೆ ಎಷ್ಟು ಸಣ್ಣದೆಂದರೆ, ಕಲ್ಲಿನ ಅಂಡು ಮಾತ್ರ ಒದ್ದೆಯಾಯಿತು. ಜಗಳೂರಿನ ಕಲ್ಲು ಬಹುಪಾಲು ಬಂಗಾರವೇ ಎಂದಾಯಿತು. ಭಾವ ಎದ್ದು ಬೀಗರನ್ನು ಅಪ್ಪಿಕೊಂಡರು. ಮದುವೆ ಸಾಂಗವಾಗಿ ನಡೆಯಿತು. ಕಲ್ಲು ಒಡೆಯಬೇಡಿ, ಬಂಗಾರ ಒಳಗಿದ್ದರೇ ಕ್ಷೇಮ ಎಂದ ನನ್ನ ಮಾತನ್ನು ಎರಡೂ ಮನೆಯವರು ಒಪ್ಪಿ, ತಂತಮ್ಮ ಕಲ್ಲನ್ನು ದೇವರ ಮನೆಯಲ್ಲಿಟ್ಟುಕೊಂಡರು.

ಸುದ್ದಿ ಹಬ್ಬಿ, ಚನ್ನಗಿರಿ ಕಡೆಯಿಂದಲೂ ಜನ ಕಲ್ಲು ತರತೊಡಗಿದರು. ಅವನ್ನೆಲ್ಲ ಹಂಡೆಯಲ್ಲೇ ತೂಗಿ, ಬರೀ ಕಲ್ಲು ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು ಕಲ್ಲನ್ನು ನಮ್ಮ ಅಂಗಳದಲ್ಲೇ ಬಿಟ್ಟುಹೋದರು. ಒಂದು ಬೆಳಿಗ್ಗೆ, ಯಾರೋ ನಾನಿಲ್ಲದಾಗ ಇಟ್ಟುಹೋಗಿದ್ದ ಕಲ್ಲೊಂದು ಪೂರ್ತಿ ಮುಳುಗಿಸಿದರೂ ನಂಬಲಾಗದಷ್ಟು ಭಾರ ತೋರಿತು. ಸಂಜೆ ಇನ್ನೊಮ್ಮೆ ನೋಡೋಣವೆಂದು ರಾಶಿಯ ಮೇಲಿಟ್ಟು ಶಾಲೆಗೆ ಹೋದೆ. ಬರುವಷ್ಟರಲ್ಲಿ ಹೆಂಡತಿ ಗಾರೆಯವರನ್ನು ಕರೆಸಿ, ರಾಶಿಯನ್ನೆಲ್ಲ ಬಳಸಿ ಅಂಗಳಕ್ಕೆ ಗೋಡೆ ಹಾಕಿಸಿದ್ದಳು.

ಕೆಡವಲೇ ಎಂದು ಕೇಳಿದೆ. "ಕೆಡವ್ರಿ. ಮೇಲೆ ಹಾಕಿರೋ ಸಂಡಿಗೆ ಒಣಗ್ಲಿ," ಎಂದಳು. ಬೇಸಗೆ ಮುಗಿದರೂ ಅವಳ ಸಂಡಿಗೆ ಒಣಗುತ್ತಲೇ ಇದೆ. ನಾನು ದಿನವೂ ಶಾಲೆಗೆ ಹೊರಡುವ ಮುನ್ನ ಗೋಡೆಯ ಒಂದೊಂದೇ ಕಲ್ಲನ್ನು ಬೆರಳಿನಿಂದ ತಟ್ಟಿ ನೋಡುತ್ತೇನೆ. ಮೇಷ್ಟರಿಗೆ ಸ್ವಂತ ಗೋಡೆಯೆಂದರೆ ಎಂಥ ಅಕ್ಕರೆ ಎಂದು ಬೀದಿಯವರು ಮೆಚ್ಚಿಕೊಳ್ಳುತ್ತಾರೆ.