ಅಧ್ಯಕ್ಷರ ಭಾವಚಿತ್ರ ಕಂಡು ಮಬ್ಬಾದ ಕನ್ನಡಕಕ್ಕೆ

ಗುಪ್ತ ಕೊಠಡಿಯ ಕಪಾಟಿನಲ್ಲಿ ವಿರಾಜಮಾನರಾಗಿರುವ ಮಾನ್ಯ ಕನ್ನಡಕದವರೇ,

ತಮ್ಮ ಗಾಜು ನಿರ್ಮಲವಾಗಿಯೂ ಕಡ್ಡಿಗಳು ಭದ್ರವಾಗಿಯೂ ಇವೆಯೆಂದು ನಂಬಿ, ನೀರು ಸರಬರಾಜು ಮಂಡಳಿಯಲ್ಲಿ ಕೂದಲು ಕಪ್ಪಗಿದ್ದಾಗಿನಿಂದ ಪಂಪುಗಳ ಪ್ರೋಗ್ರಾಂ ಬರೆದುಕೊಂಡು ಬಂದಿರುವ ನಾನು ಈ ಪತ್ರವನ್ನು ಸವಿನಯವಾಗಿ ಅರ್ಪಿಸುತ್ತಿದ್ದೇನೆ. ಬಹಿರಂಗವಾಗಿ ಏಕೆಂದರೆ, ಗುಟ್ಟಾಗಿ ಬರೆದರೆ ಅದನ್ನು ಓದಲು ಮತ್ತೆ ತಮ್ಮನ್ನೇ ಧರಿಸಬೇಕಾದೀತು.

ಊರಿನ ಪಂಪುಗಳನ್ನು ನಡೆಸುವ ಸೋರ್ಸ್ ಕೋಡ್ ಕಿಡಿಗೇಡಿಗಳ ಕೈಗೆ ಸಿಕ್ಕರೆ ಊರಿಗೆ ಊರೇ ಬಾಯಾರಬೇಕಾಗುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಅದೇ ಕೋಡಿನ ಹಾಳೆಗಳಲ್ಲಿ ಕ್ಯಾಂಟೀನಿನವನು ಬ್ರೆಡ್ಡು ಸುತ್ತಿ ಕೊಡುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಆಮೇಲೆ ಬೀಗ ಬಂತು, ಕೀಲಿಕೈ ಹೂಕುಂಡದ ಕೆಳಗಿತ್ತು. ಆಮೇಲೆ ಬಂದ ಹೆಬ್ಬೆರಳಿನ ಯಂತ್ರವು, ಪಾತ್ರೆ ತೊಳೆದು ತೊಳೆದು ಗೆರೆ ಸವೆದ ನನ್ನ ಹೆಬ್ಬೆರಳನ್ನು ಹೆಬ್ಬೆರಳೆಂದೇ ಒಪ್ಪಲಿಲ್ಲ. ಇಷ್ಟೆಲ್ಲ ಆದ ಮೇಲೆ ತಾವು ದಯಮಾಡಿಸಿದಿರಿ. ಬರಿಗಣ್ಣಿಗೆ ಖಾಲಿಯಾಗಿ ಕಾಣುವ ಪರದೆಯ ಮೇಲೆ, ತಮ್ಮನ್ನು ಧರಿಸಿದವರಿಗೆ ಮಾತ್ರ ಕೋಡಿನ ಸಾಲುಗಳು ತೇಲಿ ಬರುತ್ತವೆ. ಅನುಮತಿಯಿಲ್ಲದ ಮುಖವೊಂದು ತಮ್ಮ ದೃಷ್ಟಿಗೆ ಬಿದ್ದರೆ ಸಾಕು, ಅಷ್ಟೂ ಬೂದುಬಣ್ಣದ ಮಂಜಾಗಿಬಿಡುತ್ತದೆ. ಇದನ್ನು ಮನೆಯಲ್ಲಿ ಹೆಮ್ಮೆಯಿಂದ ವಿವರಿಸಿದಾಗ ನಮ್ಮ ಅತ್ತೆಯವರು, "ಅಲ್ಲ ಕಣೇ, ಕನ್ನಡಕ ಹಾಕ್ಕೊಳ್ಳೋದು ಕಾಣಲಿ ಅಂತ ಅಲ್ವಾ? ನಿಮ್ಮದು ಹಾಕ್ಕೊಂಡ್ರೆ ಇರೋದೂ ಹೋಗುತ್ತಾ?" ಎಂದು ಕೇಳಿದ್ದನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅವರದು ಹಳೇ ಕಾಲದ ಕನ್ನಡಕ, ಕಂಡದ್ದನ್ನೆಲ್ಲ ತೋರಿಸಿಬಿಡುತ್ತದೆ.

ತಮಗೂ ನನಗೂ ಮನಸ್ತಾಪ ಶುರುವಾದದ್ದು, ಮಂಡಳಿಯ ಅಧ್ಯಕ್ಷರ ಭಾವಚಿತ್ರವನ್ನು ಆ ಕೊಠಡಿಯಲ್ಲಿ, ಸರಿಯಾಗಿ ಪರದೆಯ ನೆತ್ತಿಯ ಮೇಲೆ, ಚಪ್ಪಾಳೆಗಳ ನಡುವೆ ತೂಗುಹಾಕಿದ ದಿನ. ಚಿತ್ರಕಾರರು ಕಣ್ಣುಗಳನ್ನು ಬಹಳ ಚೆನ್ನಾಗಿ ಬರೆದಿದ್ದಾರೆ. ಎಷ್ಟು ಚೆನ್ನಾಗಿ ಎಂದರೆ, ನಾನು ತಮ್ಮನ್ನು ಧರಿಸಿ ಕೂತ ಕೂಡಲೇ ತಾವು "ಅಪರಿಚಿತ ವ್ಯಕ್ತಿ ನೋಡುತ್ತಿದ್ದಾರೆ" ಎಂದು ಎಚ್ಚರಿಸಿ ಮಂಜು ಸುರಿಸಿದಿರಿ. ಅಧ್ಯಕ್ಷರಿಗೆ ಅನುಮತಿ ಕೊಡಿಸೋಣವೆಂದರೆ, ಅವರು ಖುದ್ದಾಗಿ ಬಂದು ತಮ್ಮೆದುರು ಕಣ್ಣು ಮಿಟುಕಿಸಬೇಕು. "ನನಗ್ಯಾಕಪ್ಪಾ ಆ ಕೋಡು ಗೀಡು" ಎಂದು ಅವರು ಹಿಂದೆಯೇ ಜಾರಿಕೊಂಡಿದ್ದರು. ಭಾವಚಿತ್ರವಂತೂ ನಾನೆಷ್ಟು ಕಾದರೂ ಮಿಟುಕಿಸಲಿಲ್ಲ. ಭದ್ರತಾಧಿಕಾರಿಗಳ ಬಳಿ ಹೋದೆ. "ಮೇಡಂ, ಕನ್ನಡಕ ತಪ್ಪು ಮಾಡಲ್ಲ. ಅಧ್ಯಕ್ಷರೂ ತಪ್ಪು ಮಾಡಲ್ಲ. ಇನ್ನು ಉಳಿದವರು ನೀವೊಬ್ಬರೇ" ಎಂದು ಅವರು ನನಗೇ ಲೆಕ್ಕ ಒಪ್ಪಿಸಿದರು.

ಹೀಗಿರುವಾಗ ಕಳೆದ ವಾರ, ಗುಡ್ಡದ ಮೇಲಿನ ಬಡಾವಣೆಯ ತೊಟ್ಟಿ ಬರಿದಾಗಿದ್ದರೂ "ತುಂಬಿದೆ" ಎಂದೇ ಸುದ್ದಿ ಕಳಿಸತೊಡಗಿತು. ಪಂಪು ಅದನ್ನು ನಂಬಿ ಸುಮ್ಮನೆ ಕೂತಿತು. ಕೈಯಿಂದ ಚಾಲೂ ಮಾಡುವ ಗುಂಡಿಯನ್ನು ಭದ್ರತೆಯ ದೃಷ್ಟಿಯಿಂದ ಮೊದಲೇ ಕಿತ್ತುಹಾಕಿದ್ದರು. ಕೋಡಿನಲ್ಲಿ ಒಂದೇ ಒಂದು ಸಾಲು ಬದಲಿಸಬೇಕಿತ್ತು, ಅದೂ ನಾನೇ ಬರೆದ ಸಾಲು, ಮತ್ತು ತಾವು ಅದನ್ನು ನನ್ನಿಂದಲೇ ಕಾಪಾಡುತ್ತಿದ್ದಿರಿ! ಬಡಾವಣೆಯ ಹೆರಿಗೆ ಆಸ್ಪತ್ರೆಯಿಂದ ಮೇಲಿಂದ ಮೇಲೆ ಫೋನು ಬರುತ್ತಿತ್ತು. ನಡುವೆ ಅದೇ ಬಡಾವಣೆಯ ನಮ್ಮ ಮನೆಯಿಂದ ಅತ್ತೆಯವರೂ ಮಾಡಿದರು: "ನಲ್ಲಿ ಉಸ್ ಅಂತಿದೆ ಕಣೇ. ಪಾತ್ರೆ ಬೆಳಗೋಕೆ ನಿನ್ನ ಕನ್ನಡಕಾನೇ ಕಳಿಸು."

ಕೊಠಡಿಯ ಬಾಗಿಲಿನ ಮೇಲೆ ತಮ್ಮ ಪರವಾಗಿ ಅಂಟಿಸಿರುವ ನಿಯಮವನ್ನು ಆಗ ಇನ್ನೊಮ್ಮೆ ಓದಿಕೊಂಡೆ: ಅನುಮತಿಯಿಲ್ಲದವರ ಮುಖ ಮರೆಯಾಗುವವರೆಗೆ ಕೆಲಸ ಆರಂಭಿಸತಕ್ಕದ್ದಲ್ಲ. ನಾನು ನಿಯಮ ಪಾಲಿಸುವವಳು. ಕುರ್ಚಿ ಹತ್ತಿ, ಆ ಶೀತಲ ಕೊಠಡಿಗೆಂದೇ ತಂದಿಟ್ಟುಕೊಂಡಿದ್ದ ನನ್ನ ಸ್ವೆಟರನ್ನು ಅಧ್ಯಕ್ಷರ ಮುಖಕ್ಕೆ ಇಳಿಬಿಟ್ಟೆ. ಎರಡೂ ತೋಳುಗಳು ಜೋತುಬಿದ್ದು, ಅವರು ಮೊದಲ ಬಾರಿಗೆ ಸಿಬ್ಬಂದಿಯನ್ನು ಅಪ್ಪಿಕೊಳ್ಳಲು ಹೊರಟವರಂತೆ ಕಂಡರು. ತಾವು ಮಂಜು ಸರಿಸಿ, "ಅಪರಿಚಿತ ವ್ಯಕ್ತಿ ಹೊರಹೋಗಿದ್ದಾರೆ, ಸಹಕಾರಕ್ಕೆ ಧನ್ಯವಾದ" ಎಂದಿರಿ. ಸಾಲು ಬದಲಿಸಿದೆ. ಪಂಪು ಗುಟುರು ಹಾಕಿತು, ನೀರು ಗುಡ್ಡ ಹತ್ತಿತು.

ಮರುದಿನ ಬೆಳಿಗ್ಗೆ, ಅಧ್ಯಕ್ಷರ ಮುಖಕ್ಕೆ ಮುಸುಕು ಹಾಕಿ ಅವಮಾನಿಸಿದ ನನ್ನನ್ನು ಕೆಲಸದಿಂದ ಏಕೆ ತೆಗೆದುಹಾಕಬಾರದೆಂದು ನೋಟಿಸು ಬಂತು.

ಮಾನ್ಯರೇ, ನಿವೃತ್ತಿ ಕೂಗಳತೆಯಲ್ಲಿರುವಾಗ ಹೀಗೆ ಮನೆಗೆ ಹೋಗಲು ನನಗಿಷ್ಟವಿಲ್ಲ. ಆದ್ದರಿಂದ ಸೋಮವಾರದ ವಿಚಾರಣೆಗೆ ತಾವು ಸಾಕ್ಷಿಯಾಗಿ ಬಂದು, ಕಂಡದ್ದನ್ನು ಕಂಡ ಹಾಗೆ ಹೇಳಬೇಕೆಂದು ಬೇಡುತ್ತೇನೆ. ಅಲ್ಲಿದ್ದದ್ದು ಬರೀ ಬಣ್ಣದ ಚಿತ್ರವಾಗಿದ್ದರೆ, ಚಿತ್ರಕ್ಕೂ ಮನುಷ್ಯನಿಗೂ ವ್ಯತ್ಯಾಸ ತಿಳಿಯದ ತಮ್ಮನ್ನು ತಂದವರು ಯಾರೆಂದು ಭದ್ರತಾಧಿಕಾರಿಗಳು ತಿಳಿಸಲಿ. ಇಲ್ಲ, ತಾವು ತಪ್ಪೇ ಮಾಡುವುದಿಲ್ಲ ಎನ್ನುವುದಾದರೆ, ಗುಪ್ತ ಕೊಠಡಿಗೆ ನುಗ್ಗಿದ್ದ ಅಪರಿಚಿತರೊಬ್ಬರನ್ನು ಒಂದು ಸ್ವೆಟರಿನಿಂದ ಹೊರಹಾಕಿದವಳು ನಾನು. ನೋಟಿಸಿನ ಬದಲು ಬಹುಮಾನ ಬರಬೇಕಿತ್ತು. ಎರಡರಲ್ಲಿ ಯಾವುದಾದರೂ ನನಗೆ ಒಪ್ಪಿಗೆ. ಹಾಗೆಯೇ, ಸಾಧ್ಯವಾದರೆ ಆ ಸಾಲನ್ನು ನನ್ನ ತಲೆಯೊಳಗೂ ಮಬ್ಬು ಮಾಡಿಕೊಡಿ. ಅನುಮತಿಯಿಲ್ಲದೆ ಅದು ಅಲ್ಲಿ ಬಹಳ ವರ್ಷಗಳಿಂದ ತೆರೆದುಕೊಂಡೇ ಬಿದ್ದಿದೆ.

ಬರಿಗಣ್ಣಿಗೂ ಕಾಣುವ,
ತಮ್ಮ ವಿಶ್ವಾಸಿ,
ಪಂಪಿನ ಪ್ರೋಗ್ರಾಮಿನಾಕೆ

ವಿ.ಸೂ.: ಸ್ವೆಟರು ಸಾಕ್ಷ್ಯವೆಂದು ಇನ್ನೂ ಅಲ್ಲೇ ನೇತಾಡುತ್ತಿದೆ. ಅದನ್ನು ತೆಗೆದರೆ ಮತ್ತೆ ಮಂಜು ಕವಿಯುವುದರಿಂದ, ತೆಗೆಯಲು ಬರುವವರು ಮೊದಲು ಗುಡ್ಡದ ಮೇಲಿನ ಬಡಾವಣೆಯವರಿಗೆ ಒಂದೆರಡು ಬಕೆಟ್ಟು ತುಂಬಿಟ್ಟುಕೊಳ್ಳಲು ತಿಳಿಸಲಿ. ಅಧ್ಯಕ್ಷರ ಮನೆಯೂ ಅಲ್ಲೇ ಇದೆ. ಅವತ್ತು ಅವರು ಮೈಗೆಲ್ಲ ಸೋಪು ಹಚ್ಚಿಕೊಂಡು, ಕಣ್ಣು ಉರಿಯುತ್ತಿದ್ದುದರಿಂದ ಬಹಳ ಹೊತ್ತು ಮಿಟುಕಿಸುತ್ತಲೇ ನಿಂತಿದ್ದರಂತೆ. ಆಗ ತಾವು ಎದುರಿಗಿದ್ದಿದ್ದರೆ ಅನುಮತಿಯ ಕೆಲಸವೂ ಮುಗಿದುಹೋಗುತ್ತಿತ್ತು.